ಟವೆಲ್ಲಿನ ಕೆಳಗೆ ಇಪ್ಪತ್ತೊಂದು ಕೈ

ಬಿ.ಎ. ಕೊನೆಯ ವರ್ಷದ ನನ್ನ ಡೈರಿಯ ಹಿಂಬದಿಯ ಪುಟದಲ್ಲಿ ಒಂದು ಲೆಕ್ಕವಿದೆ. ರಾಜ್ಯಶಾಸ್ತ್ರ ಓದುತ್ತಿದ್ದೇನೆ ಎಂದಾಗ ಜನ ಏನನ್ನುತ್ತಾರೆ ಎಂಬುದರ ಲೆಕ್ಕ. "ಹಂಗಾರ ಎಲೆಕ್ಷನ್ ನಿಲ್ಲಾಕಿ ಅನ್ನು" ಎಂದವರಿಗೆ ಒಂದು ಸಾಲಿನಲ್ಲಿ ಗೀಟು ಹಾಕುತ್ತಿದ್ದೆ, "ಅದರಾಗ ನೌಕರಿ ಎಲ್ಲೈತಿ?" ಎಂದವರಿಗೆ ಇನ್ನೊಂದು ಸಾಲಿನಲ್ಲಿ. ಚಿಕ್ಕೋಡಿ ಬಸ್ಸಿನ ಕಂಡಕ್ಟರ್, ನಿಪ್ಪಾಣಿಯ ಸೋದರಮಾವಂದಿರು, ಔಷಧಿ ಅಂಗಡಿಯವರು, ಎಲ್ಲರೂ ಈ ಎರಡು ಸಾಲುಗಳಲ್ಲಿ ಹಂಚಿಹೋಗಿದ್ದಾರೆ. ಮೂರನೆಯ ಸಾಲಿನಲ್ಲಿ ಒಂದೇ ಒಂದು ಗೀಟಿದೆ. "ಏನ್ ಕಲಸ್ತಾರಬೇ ಅದರಾಗ?" ಎಂದು ಕೇಳಿದವನು ನನ್ನ ಅಜ್ಜ ಒಬ್ಬನೇ.

ನಮ್ಮೂರು ಯಡೂರಿನಿಂದ ಸ್ವಲ್ಪ ಆಚೆ, ಕೃಷ್ಣೆಯ ದಂಡೆಯ ಮೇಲಿದೆ. ಅಜ್ಜ ಹರೆಯದಲ್ಲಿ ರಾಯಬಾಗ, ಅಥಣಿ ಕಡೆಯ ದನದ ಸಂತೆಗಳಲ್ಲಿ ದಲ್ಲಾಳಿಯಾಗಿದ್ದವನು. ಅವನ ಪ್ರಶ್ನೆಗೆ ಉತ್ತರ ಕೊಡಲು ನನಗೆ ಕಷ್ಟವಾಯಿತು. ಕಡೆಗೆ, ನನ್ನನ್ನು ಆ ವಿಷಯಕ್ಕೆ ಕಟ್ಟಿಹಾಕಿದ ತರಗತಿಯ ಬಗ್ಗೆ ಹೇಳಿದೆ. ಅಂದು ನಮ್ಮ ಮೇಡಂ ಸಂವಿಧಾನದ ಕನ್ನಡ ಪ್ರತಿಯನ್ನು ತಂದು, ವಯಸ್ಸಿಗೆ ಬಂದ ಪ್ರತಿಯೊಬ್ಬರಿಗೂ ಮತದ ಹಕ್ಕಿದೆ ಎನ್ನುವ ಭಾಗ ಓದಿ ಪುಸ್ತಕ ಮುಚ್ಚಿದ್ದರು. "ಓದೋದು ಇಷ್ಟೇ. ಇದನ್ನು ನಂಬಾಕ ಮಾತ್ರ ಮೂರು ವರ್ಷ ಬೇಕು" ಎಂದಿದ್ದರು. ಅಲ್ಲಿಯವರೆಗೆ ಅದನ್ನು ಪರೀಕ್ಷೆಗಾಗಿ ಎಷ್ಟೋ ಸಲ ಬರೆದಿದ್ದೆ. ಅಂದು ಮಾತ್ರ ಕಿಟಕಿಯಾಚೆ ಕಬ್ಬು ಹೇರಿಕೊಂಡು ಹೊರಟಿದ್ದ ಟ್ರ್ಯಾಕ್ಟರ್ ಕಾಣಿಸಿತು. ಆ ಕಬ್ಬು ಕಡಿದವಳಿಗೂ ಒಂದು, ಅದನ್ನು ಅರೆಯುವ ಕಾರ್ಖಾನೆಯ ಒಡೆಯನಿಗೂ ಒಂದು. ನನಗೆ ಮೈ ಜುಂ ಎಂದಿತು.

ಅಜ್ಜ ಗೊತ್ತಿದ್ದೂ ಕೆಣಕಿದ. "ಎಕರೆ ಮ್ಯಾಲೆ ಇಲ್ಲೇನು? ಹತ್ತ ಎಕರೆಯವಗೂ ಒಂದ, ಅರ್ಧ ಎಕರೆಯವಗೂ ಒಂದ?"

"ಹೂಂ ಅಜ್ಜಾ. ಹೊಲಾನ ಇಲ್ಲದವರಿಗೂ ಒಂದ."

"ನಮ್ಮ ಹೊಳಿ ನೀರಿನ ಪೈಪ್‌ಲೈನ್ ಕೂಟದಾಗೂ ಮನಿಗೊಂದ ಕೈ" ಎಂದ ಅಜ್ಜ. "ಆದರ ಹೊಲ ಇಲ್ಲದವರನ್ನ ನಾವು ಕರದಿಲ್ಲ. ನಿಮ್ಮ ಪುಸ್ತಕ ನಮಗಿಂತ ಒಂದ ಹೆಜ್ಜಿ ಮುಂದ ಐತಿ."

ಕೊನೆಯ ಸೆಮಿಸ್ಟರಿನಲ್ಲಿ ಮೇಡಂ ಒಂದಿಡೀ ಪೀರಿಯಡ್ ನಮ್ಮ ಮುಂದಿನ ದಾರಿಗಳ ಬಗ್ಗೆ ಮಾತಾಡಿದರು. ಪಂಚಾಯತಿಯ ಪಿಡಿಒ ಆಗಬಹುದು, ಕೆ.ಎ.ಎಸ್. ಬರೆಯಬಹುದು, ಕಾನೂನು ಓದಿ ವಕೀಲರಾಗಬಹುದು, ಪತ್ರಿಕೆ ಸೇರಬಹುದು. ಅರ್ಹತಾ ಪರೀಕ್ಷೆ ಪಾಸಾದರೆ ತಮ್ಮ ಹಾಗೆ ಸೀಮೆಸುಣ್ಣ ಹಿಡಿಯಬಹುದು, ಚುನಾವಣೆಯ ಸಮೀಕ್ಷೆ ಮಾಡುವ ಸಂಸ್ಥೆಗಳಲ್ಲಿ ದುಡಿಯಬಹುದು. ನಾನು ಎಲ್ಲವನ್ನೂ ನಂಬರು ಹಾಕಿ ಬರೆದುಕೊಂಡೆ. ಪಕ್ಕದಲ್ಲಿ ಕುಳಿತಿದ್ದ ತೆಲಸಂಗದ ಗೆಳತಿ, "ನನಗ ಪಿಡಿಒ ಸಾಕವಾ. ನಮ್ಮೂರ ನಳಕ್ಕ ನೀರ ಬಿಟ್ಟ ಮ್ಯಾಲೆ ಉಳದಿದ್ದು ನೋಡೂಣು" ಎಂದು ಪಿಸುಗುಟ್ಟಿದಳು. ಮೇಡಂ ಕಡೆಯಲ್ಲಿ ಹೇಳಿದ ಮಾತಿಗೆ ಮಾತ್ರ ನಾನು ನಂಬರು ಹಾಕಲಿಲ್ಲ. ವಿಶ್ವವಿದ್ಯಾಲಯದಲ್ಲಿ ಎಂ.ಎ. ಓದುವವರು ಹಳ್ಳಿಗಳಿಗೆ ಹೋಗಿ, ಜನ ಕೂಡಿ ಹೇಗೆ ತೀರ್ಮಾನ ಮಾಡುತ್ತಾರೆ ಎಂದು ನೋಡಿ ಬರೆಯುತ್ತಾರಂತೆ. "ನಿಮ್ಮ ನಿಮ್ಮ ಊರಿನ ಬಗ್ಗೇನೂ ಬರೀಬಹುದು." ನಮ್ಮೂರಿನಲ್ಲಿ ಬರೆಯುವಂಥದ್ದು ಏನಿದೆ ಎಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಯೋಚಿಸಿದೆ. ಏನೂ ಹೊಳೆಯಲಿಲ್ಲ. ಆದರೂ ಎಂ.ಎ.ಗೆ ಹೋಗಬೇಕು ಎನ್ನುವುದು ಅಂದೇ ನಿಶ್ಚಯವಾಗಿತ್ತು.

ಅಪ್ಪ ಹೂಂ ಅನ್ನಬೇಕಿತ್ತು. ನಾನು ಚಿಕ್ಕೋಡಿಯಲ್ಲೇ ಬಿ.ಎಡ್. ಮಾಡಿ, ದಿನಾ ಸಂಜೆ ಮನೆಗೆ ಬಂದುಬಿಡಲಿ ಎಂದು ಅವನ ಲೆಕ್ಕ. ನಾನು ಕೇಳಿದಾಗ "ನೋಡೂಣು" ಎಂದ. ನಮ್ಮ ಮನೆಯಲ್ಲಿ ಅಪ್ಪನ "ನೋಡೂಣು" ಎಂದರೆ ಇಲ್ಲ ಎಂದೇ ಅರ್ಥ. ನಾನು ಮತ್ತೆ ಕೇಳಿದ್ದಕ್ಕೆ ನಕ್ಕ.

"ರಾಜಕಾರಣ ಕಲಿಯಾಕ ಹಾಸ್ಟೆಲ್ ಯಾಕ ಬೇಕಬೇ? ಐತವಾರ ನಮ್ಮ ಪೈಪ್‌ಲೈನ್ ಮೀಟಿಂಗ್ ಐತಿ. ಬಂದು ಕುಂಡ್ರು. ಪುಕ್ಕಟ ಕಲೀತಿ."

ಅವನು ಹೇಳಿದ್ದು ಚೇಷ್ಟೆಗೆ. ನಾನು ನಿಜಕ್ಕೂ ಹೋದೆ.

ಹೊಳೆಯಿಂದ ಹೊಲಗಳಿಗೆ ಕೊಳವೆ ಹಾಕಿಸಿ ಮೋಟಾರು ಕೂರಿಸಿದ ಇಪ್ಪತ್ತೊಂದು ಮನೆಗಳ ಕೂಟ ಅದು. ಯಾರ ಕಬ್ಬಿಗೆ ಯಾವಾಗ ನೀರಿನ ಪಾಳಿ ಎಂದು ಹೇಳುವವನು, ಮೋಟಾರು ಸುಟ್ಟರೆ ಅದನ್ನು ಹೊತ್ತುಕೊಂಡು ಚಿಕ್ಕೋಡಿಗೆ ಓಡುವವನು ಕೂಟದ ಚೇರಮನ್. ಆ ವರ್ಷ ಹೊಸ ಚೇರಮನ್ನನ ಆಯ್ಕೆ. ಕೆಳಗಿನ ಓಣಿಯಿಂದ ನಮ್ಮಪ್ಪ ನಿಂತಿದ್ದ, ಮೇಲಿನ ಓಣಿಯಿಂದ ಅವನದೇ ವಯಸ್ಸಿನ ಒಬ್ಬ ಕಾಕಾ. ಹಿಂದಿನ ಸಲ ನಿಂತು ಸೋತಿದ್ದ ಅಪ್ಪನಿಗೆ ಈ ಸಲ ಗೆಲ್ಲಲೇಬೇಕಿತ್ತು.

ಆಯ್ಕೆಯ ರೀತಿಯನ್ನು ಅಜ್ಜನೇ ದನದ ಸಂತೆಯಿಂದ ತಂದಿದ್ದ. ಸಂತೆಯಲ್ಲಿ ದಲ್ಲಾಳಿಗಳು ಕೈ ಮೇಲೆ ಟವೆಲ್ ಮುಚ್ಚಿಕೊಂಡು, ಅದರ ಕೆಳಗೆ ಬೆರಳು ಒತ್ತಿ ದರ ಹೇಳುತ್ತಾರೆ. ಸುತ್ತ ನೂರು ಜನ ನಿಂತಿದ್ದರೂ ಒಬ್ಬರಿಗೂ ತಿಳಿಯುವುದಿಲ್ಲ. ಕೂಟದಲ್ಲೂ ಹಾಗೆಯೇ. ಅಜ್ಜ ಟವೆಲ್ ಹಾಕಿಕೊಂಡು ಕೂರುತ್ತಿದ್ದ. ಮನೆಗೊಬ್ಬರಂತೆ ಬಂದು ಅವನ ಕೈಯಲ್ಲಿ ಬೆರಳು ಒತ್ತಿ ಹೋಗುತ್ತಿದ್ದರು. ಒಂದು ಬೆರಳು ಕೆಳಗಿನ ಓಣಿಗೆ, ಎರಡು ಬೆರಳು ಮೇಲಿನ ಓಣಿಗೆ. ಅಜ್ಜ ಕಡೆಗೆ ಎರಡು ಅಂಕಿ ಹೇಳಿ ಏಳುತ್ತಿದ್ದ. ಯಾರು ಏನು ಒತ್ತಿದರು ಎಂದು ಅವನ ಬಾಯಿಂದ ಎಂದೂ ಹೊರಬಿದ್ದಿರಲಿಲ್ಲ.

ಇದನ್ನು ಚಿಕ್ಕಂದಿನಿಂದ ಕೇಳಿದ್ದೆ. ಇದು ಗುಪ್ತ ಮತದಾನ ಎಂದು ನನಗೆ ಹೊಳೆದಿರಲೇ ಇಲ್ಲ.

ಐತವಾರ ಮುಂಜಾನೆ ಮೋಟಾರಿನ ಕೋಣೆಯ ಮುಂದೆ, ಬೇವಿನ ಗಿಡದ ಕೆಳಗೆ ಕಂಬಳಿ ಹಾಸಿದ್ದರು. ಎಲ್ಲರೂ ಕುಳಿತ ಮೇಲೆ ಅಜ್ಜ ತನ್ನ ಬೆರಳುಗಳನ್ನು ತಿರುವಿ ನೋಡಿಕೊಂಡ.

"ಈ ಸಲ ನನಗ ಆಗೂದಿಲ್ರೆಪಾ. ಶುಗರ್ ಆದಾಗಿಂದ ಬೆರಳ ಜೋಮ ಹಿಡದಾವ. ಚಾದ ಕಪ್ ಬಿಸಿ ಐತೋ ಇಲ್ಲೋ ತಿಳಿಯೂದಿಲ್ಲ. ನೀವು ಒಂದ ಒತ್ತಿದರ ನಾ ಎರಡ ಅಂದಗಿಂದೇನು."

"ಚೀಟಿ ಹಾಕೂಣೇನು ಹಂಗಾರ?" ಯಾರೋ ಕೇಳಿದರು.

"ಇಪ್ಪತ್ತೊಂದ ಮಂದಿ ಅಕ್ಷರ ಇಪ್ಪತ್ತೊಂದ ಮಂದಿಗೂ ಗುರತ ಐತಿ. ಬೆರಳಿಗೆ ಅಕ್ಷರ ಇಲ್ಲ" ಎಂದ ಅಜ್ಜ. "ನನ್ನ ಮೊಮ್ಮಗಳ ಕುಂಡ್ರಲಿ. ಇದನ್ನ ಕಲಿಯಾಕಂತನ ಸರ್ಕಾರ ಆಕಿಗೆ ಬಸ್ ಪಾಸ್ ಕೊಟ್ಟೈತಿ."

ಎಲ್ಲರೂ ನಕ್ಕರು. ಒಬ್ಬ ಮುದುಕ ಮಾತ್ರ ನಗಲಿಲ್ಲ. "ಹೆಣ್ಣಹುಡುಗಿ ಕೈಯಾಗ ಕೈ ಕೊಡೂದ? ನಮ್ಮಾಕಿ ಮನ್ಯಾಗ ಕರಕೊಳ್ಳೂದಿಲ್ಲ."

ಗಂಡ ತೀರಿಕೊಂಡ ಮೇಲೆ ತಾನೇ ಹೊಲ ಮಾಡಿಸುವ ಒಬ್ಬ ಆಯಿ ಅವನಿಗೆ ಎದುರಿಗೇ ಕುಳಿತಿದ್ದಳು. "ಇಷ್ಟ ವರ್ಷ ನಾ ಈಕಿ ಅಜ್ಜನ ಕೈಯಾಗ ಕೈ ಕೊಟ್ಟಿಲ್ಲೇನು? ನಿನ್ನ ಕೈ ಹಿಡದು ಆ ಹುಡುಗಿಗೆ ಏನ ಬಂಗಾರ ಸಿಗೂದೈತಿ, ಸುಮ್ಕ ಕುಂಡ್ರೋ."

ಮತ್ತೆ ಎದ್ದ ನಗು ನಿಂತ ಮೇಲೆ ನಾನು ಎದ್ದೆ. "ನಾ ಕುಂಡ್ರೂದು ಬರೂದಿಲ್ರಿ. ನಮ್ಮಪ್ಪ ನಿಂತಾನ. ಮಗಳ ಮತ ತಗೊಂಡ್ರ ಯಾರ ನಂಬ್ತಾರ? ಪುಸ್ತಕದಾಗೂ ಹಂಗ ಇಲ್ಲ."

ಮೇಲಿನ ಓಣಿಯ ಕಾಕಾ, ಅಪ್ಪನ ಎದುರಾಳಿ, ಕೈ ಬೀಸಿದ. "ಯಾವ ಪುಸ್ತಕಬೇ? ಹೋದ ಸಲ ನಿಮ್ಮಪ್ಪ ನಿಂತಾಗ ಕುಂತಾಂವ ನಿಮ್ಮಪ್ಪನ ಅಪ್ಪ. ಮಗನ್ನ ಸೋಲಿಸಿ ಮನಿಗೆ ಕರಕೊಂಡ ಹೋದ. ನಾ ಒಲ್ಲೆ ಅಂದ್ರ ಬ್ಯಾರೆ. ನಾ ಹೂಂ ಅನ್ನಾಕತ್ತೇನಿ, ನೀ ಕುಂಡ್ರು."

ನಾನು ಕುಳಿತೆ. ಅಜ್ಜ ನನ್ನ ಕೈ ಮೇಲೆ ಟವೆಲ್ ಹೊದಿಸುತ್ತ ಕಿವಿಯಲ್ಲಿ ಹೇಳಿದ: "ಹೊಳಿ ನೋಡ್ಕೋತ ಕುಂಡ್ರು. ನಿನ್ನ ಮಾರಿ ಮ್ಯಾಲೆ ಏನೂ ಕಾಣಬಾರದು. ಮತ್ತ ನೋಡು, ನಿಂತವರಿಬ್ಬರೂ ತಮಗ ತಾವು ಒತ್ತಿಕೊಳ್ಳೂದಿಲ್ಲ. ಎದುರಿನವಗ ಕೊಡ್ತಾರ. ಅದು ಮರ್ಯಾದಿ."

"ಕೊಡಲಿಲ್ಲಂದ್ರ?"

"ಕೊಡಲಿಲ್ಲ ಅನ್ನೂದು ನಿನಗೊಬ್ಬಾಕಿಗೆ ಗೊತ್ತು. ಅಷ್ಟ."

ನನಗೆ ಲೆಕ್ಕ ತಪ್ಪುವ ಭಯ. ಪಕ್ಕದಲ್ಲಿ ಓಣಿಗೊಂದರಂತೆ ಎರಡು ಸಣ್ಣ ಬಟ್ಟೆ ಚೀಲ ಇಟ್ಟುಕೊಂಡು, ಅವುಗಳ ಮೇಲೆ ಓಢಣಿ ಮುಚ್ಚಿ, ಕೈಗೊಂದರಂತೆ ಹಾಕಲು ಎಡಗೈಯಲ್ಲಿ ಗೋವಿನಜೋಳದ ಕಾಳು ಹಿಡಿದುಕೊಂಡೆ. ಬಲಗೈ ಟವೆಲ್ಲಿನ ಕೆಳಗೆ.

ಮೊದಲ ಕೈ ಬಂತು. ಕಬ್ಬಿನ ರವದಿಯ ಒಣಗರಿ ಗೀರಿ ಗೀರಿ ಒರಟಾದ ಕೈ. ನನ್ನನ್ನು ಸಣ್ಣವಳಿದ್ದಾಗಿನಿಂದ ನೋಡಿದವರು, ಎತ್ತಿ ಆಡಿಸಿದವರು, ಹೊಳೆಗೆ ಇಳಿದರೆ ಬೈದವರು ಒಬ್ಬೊಬ್ಬರಾಗಿ ಮುಂದೆ ಬಂದು ಕುಳಿತರು. ಹೊರಗೆ ಅವರ ಬಾಯಿ ಚೇಷ್ಟೆ ಮಾಡುತ್ತಿತ್ತು. "ಪರೀಕ್ಷಾಕ್ಕ ಕುಂತಂಗ ಕುಂತಾಳ ನೋಡ್ರಿ." "ಬೆವರಾಕತ್ತಾಳ, ಫ್ಯಾನ್ ಹಚ್ರಿ." ಟವೆಲ್ಲಿನ ಕೆಳಗೆ ಮಾತ್ರ ಅದೇ ಜನ ಬೇರೆಯೇ ಆಗಿದ್ದರು. ಅಲ್ಲಿ ಒಬ್ಬರೂ ಚೇಷ್ಟೆ ಮಾಡಲಿಲ್ಲ. ಕೆಲವರು ತಣ್ಣಗೆ ಒತ್ತಿ ಎದ್ದರು. ಕೆಲವರ ಅಂಗೈ ಒದ್ದೆಯಾಗಿತ್ತು. ಒಬ್ಬರು ಒತ್ತಿದ ಮೇಲೆ, ತಿಳಿಯಿತೋ ಇಲ್ಲವೋ ಎಂದು ಇನ್ನೊಮ್ಮೆ ಅಷ್ಟೇ ಮೆತ್ತಗೆ ಒತ್ತಿದರು.

ಒಂದು ಕೈ ಬಂದು ಸುಮ್ಮನೆ ಕುಳಿತುಬಿಟ್ಟಿತು. ಏನೂ ಒತ್ತಲಿಲ್ಲ. ನಾನು ಹೊಳೆ ನೋಡುತ್ತಿದ್ದೆ. ಆಚೆ ದಡದಲ್ಲಿ ಯಾರೋ ಎಮ್ಮೆ ಮೈ ತೊಳೆಯುತ್ತಿದ್ದರು. ಆ ಕೈಯ ನಾಡಿ ನನ್ನ ಬೆರಳಿಗೆ ಬಡಿಯುತ್ತಿತ್ತು. ಒಂದು ಬೆರಳು ಸ್ವಲ್ಪ ಅಲುಗಿತು, ನಿಂತಿತು, ಹಿಂದೆ ಸರಿಯಿತು. ಆಮೇಲೆ ತೀರ್ಮಾನ ಬಂತು, ಗಟ್ಟಿಯಾಗಿ. ಆ ಕೈ ಹೊರಟುಹೋದ ಮೇಲೂ ನನ್ನ ಕೈ ಅಲ್ಲೇ ತೆರೆದುಕೊಂಡಿತ್ತು. ಮತದಾರನ ಸ್ವತಂತ್ರ ಆಯ್ಕೆ ಎಂದು ಹತ್ತು ಅಂಕದ ಪ್ರಶ್ನೆಗೆ ನಾನು ಎಷ್ಟು ಪುಟ ಬರೆದಿದ್ದೆನೋ. ಒಬ್ಬ ಮನುಷ್ಯ ಮನಸ್ಸು ಮಾಡುವುದನ್ನು ಅಂಗೈಯಲ್ಲಿ ಮುಟ್ಟಿದ್ದು ಅಂದೇ ಮೊದಲು. ದೇವರ ಮುಂದೆ ನಿಂತಾಗಲೂ ನನಗೆ ಅಷ್ಟು ಭಯಭಕ್ತಿ ಬಂದದ್ದಿಲ್ಲ.

ಅದು ಯಾರ ಕೈ ಎಂದು ಇಲ್ಲಿಯೂ ಬರೆಯುವುದಿಲ್ಲ.

ಕಡೆಗೆ ಚೀಲ ಬಿಚ್ಚಿ ಕಾಳುಗಳನ್ನು ಎಲ್ಲರೆದುರು ಎಣಿಸಿದೆ. ಕೆಳಗಿನ ಓಣಿಗೆ ಹತ್ತು, ಮೇಲಿನ ಓಣಿಗೆ ಹನ್ನೊಂದು. ಮೇಲಿನ ಓಣಿಯವರು ಸಿಳ್ಳು ಹೊಡೆದರು. ಅಪ್ಪ ಎದ್ದು ಹೋಗಿ ಗೆದ್ದ ಕಾಕಾನ ಬೆನ್ನು ತಟ್ಟಿದ, ಎಲ್ಲರಿಗೂ ಚಹಾ ತರಿಸಿದ, ನಗುತ್ತಲೇ ಇದ್ದ. ಮನೆಯ ಹೊಸ್ತಿಲು ದಾಟಿದ ಮೇಲೆ ನಗು ನಿಂತಿತು.

"ನಮ್ಮ ಓಣ್ಯಾಗ ಹನ್ನೊಂದ ಮನಿ ಅದಾವ" ಎಂದ. "ಹತ್ತ ಬಂದಾವ. ಆ ಒಂದ ಮನಿ ಯಾವುದು?"

"ಒಂದ ಮನಿ ಅಂತ ಹೆಂಗ ಹೇಳ್ತಿ ಅಪ್ಪಾ? ನಮ್ಮವರು ಮೂರು ಮಂದಿ ಅತ್ತ ಹೋಗಿ, ಅವರವರು ಇಬ್ಬರು ಇತ್ತ ಬಂದ್ರೂ ಲೆಕ್ಕ ಅಷ್ಟ ಆಗತೈತಿ."

"ನಿನ್ನ ಸೂತ್ರಾ ಒಲ್ಲೆ. ಹೆಸರ ಹೇಳು."

"ಬರೂದಿಲ್ಲ."

ಅವನು ನನ್ನನ್ನೇ ನೋಡಿದ. ಅಪ್ಪ ಸಿಟ್ಟಿನ ಮನುಷ್ಯನಲ್ಲ, ಆದರೆ ಅವನೊಳಗೆ ಏನೋ ಮುರಿದಿತ್ತು. "ಎಂ.ಎ. ಮಾಡ್ತೇನಿ ಅಂತಿ. ಹೆಸರ ಹೇಳು, ನಾಳೇನ ಚಿಕ್ಕೋಡಿಗೆ ಹೋಗಿ ಅರ್ಜಿ ತುಂಬಸ್ತೇನಿ. ಇಲ್ಲಂದ್ರ ಬಿ.ಎಡ್."

ಅಂದಿನಿಂದ ಅರ್ಜಿಯ ಕೊನೆಯ ದಿನದವರೆಗೆ ಮನೆಯಲ್ಲಿ ಬೇರೆ ಮಾತಿರಲಿಲ್ಲ. ಅವ್ವ ನಿಪ್ಪಾಣಿಯ ಮಗಳು, ಮನಸ್ಸು ಕಲಕಿದಾಗ ಅವಳ ಬಾಯಲ್ಲಿ ಮರಾಠಿ ಬರುತ್ತದೆ. "ಸಾಂಗೂನ್ ಟಾಕ್ ಗ" ಎಂದು ರೊಟ್ಟಿ ಬಡಿಯುತ್ತ ಗೋಗರೆದಳು, ಹೇಳಿಬಿಡು ಎಂದು. "ಒಂದ ಹೆಸರು. ಎರಡ ವರ್ಷದ ಓದು ಸಿಗತೈತಿ." ಅಜ್ಜನ ಕಡೆ ನೋಡಿದರೆ ಅವನು ಎಲೆ ಅಡಿಕೆ ಜಗಿಯುತ್ತ ಹೊರಗೆ ನೋಡುತ್ತಿದ್ದ. ಮಗನಿಗೆ ಏನಾದರೂ ಹೇಳು ಎಂದೆ. "ನಾ ಕುಂತ ವರ್ಷದ್ದು ನನ್ನ ಹೊಣಿ. ಈ ವರ್ಷ ನೀ ಕುಂತಿ" ಎಂದ.

ಡೈರಿಯಲ್ಲಿ ಆ ಐತವಾರದ ಕೆಳಗೆ ಹತ್ತು, ಹನ್ನೊಂದು ಎಂಬ ಎರಡು ಅಂಕಿ ಬಿಟ್ಟು ಬೇರೇನೂ ಬರೆದಿರಲಿಲ್ಲ. ಎಲ್ಲವನ್ನೂ ಬರೆದಿಡುವ ನನಗೆ ಅದು ಕಷ್ಟವೇ ಆಯಿತು. ಮರೆತುಬಿಟ್ಟೆ ಎಂದು ಸುಳ್ಳು ಹೇಳಲೇ ಎಂದೂ ಯೋಚಿಸಿದೆ. ಅಪ್ಪ ನಂಬುತ್ತಿರಲಿಲ್ಲ. ಮೂರನೆಯ ತರಗತಿಯಲ್ಲಿ ಬಿದ್ದ ಹಲ್ಲಿನ ವಾರ ಕೂಡ ಹೇಳುವವಳು ನಾನು.

ಅದೇ ದಿನಗಳಲ್ಲಿ ಜನ ನನ್ನನ್ನು ಒಬ್ಬಳೇ ಸಿಕ್ಕಲ್ಲಿ ನಿಲ್ಲಿಸತೊಡಗಿದರು. ನೀರಿನ ತೊಟ್ಟಿಯ ಹತ್ತಿರ, ಹಿಟ್ಟಿನ ಗಿರಣಿಯ ಮುಂದೆ. "ಏನೂ ಹೇಳಿಲ್ಲ ಹೌದಲ್ಲವಾ?" ಇಷ್ಟೇ ಮಾತು. ಹೆದರಬೇಕಾದವರೂ ಬಂದರು, ಹೆದರುವ ಕಾರಣವೇ ಇಲ್ಲದವರೂ ಬಂದರು. ಪ್ರತಿಯೊಬ್ಬರಿಗೂ ಒಂದೇ ಉತ್ತರ ಕೊಟ್ಟೆ: "ಇಲ್ರಿ." ಇಪ್ಪತ್ತು ದಾಟಿ ಎರಡೇ ವರ್ಷವಾಗಿದ್ದ ನನ್ನ ಒಂದು ಮಾತಿನ ಮೇಲೆ ಎರಡು ಓಣಿಗಳ ಮುಂದಿನ ಎಷ್ಟೋ ವರ್ಷಗಳು ನಿಂತಿವೆ ಎಂದು ಆಗ ತಿಳಿಯಿತು. ಹೇಳಿದರೆ ಅಣ್ಣತಮ್ಮಂದಿರು ನೀರಿನ ಪಾಳಿಯಲ್ಲಿ ಕುಡಗೋಲು ಹಿಡಿದಾರು. ಹೇಳದಿದ್ದರೆ ಹೋಗುವುದು ನನ್ನ ಎಂ.ಎ. ಮಾತ್ರ. ಮಾತ್ರ ಎಂದು ಬರೆಯುವುದು ಈಗ ಸುಲಭ.

ಕೊನೆಯ ದಿನದ ಹಿಂದಿನ ಸಂಜೆ ಅಪ್ಪ ಅಂಗಳದಲ್ಲಿ ಔಷಧಿ ಹೊಡೆಯುವ ಪಂಪು ತೊಳೆಯುತ್ತಿದ್ದ. ನಾನು ನೀರು ಸುರಿಯುತ್ತಿದ್ದೆ.

"ನಾಳೆ ಕಡೀ ದಿನ ಹೌದಲ್ಲ?"

"ಹೌದು."

"ಹೇಳೂದಿಲ್ಲೇನು?"

"ಒಬ್ಬರದು ಹೇಳಿದ್ರ ಇಪ್ಪತ್ತೊಂದೂ ಹೇಳಬೇಕಾಗತೈತಿ ಅಪ್ಪಾ. ಯಾರ ಕೇಳಿದ್ರೂ ಹೇಳಬೇಕಾಗತೈತಿ. ಅದರಾಗ ಮ್ಯಾಗಿನ ಓಣಿ ಕಾಕಾಂದೂ ಐತಿ. ನಿಂದೂ ಐತಿ."

ಅವನ ಕೈ ನಿಂತಿತು. ನಾನು ಸುರಿಯುತ್ತಿದ್ದ ನೀರು ಪಂಪಿನ ಬಾಯಿ ತುಂಬಿ ನೆಲಕ್ಕೆ ಹರಿಯಿತು. ನನ್ನ ಕಡೆ ನೋಡದೆ ಕೇಳಿದ: "ನಿಮ್ಮವ್ವಗ ಹೇಳಿಯೇನು, ನಂದು?"

"ಇಲ್ಲ."

"ಅಜ್ಜಗ?"

"ಯಾರಿಗೂ ಇಲ್ಲ."

ಅವನು ಪಂಪನ್ನು ಮಗುಚಿ ಇಟ್ಟು ಒಳಗೆ ಹೋದ. ಮರುದಿನ ಮುಂಜಾನೆ ನಾನು ಏಳುವಷ್ಟರಲ್ಲಿ ಬೈಕು ಅಂಗಳದಲ್ಲಿ ಶುರುವಾಗಿತ್ತು. "ಮಾರ್ಕ್ಸ್‌ಕಾರ್ಡ್ ತಗೋ" ಎಂದ. ಚಿಕ್ಕೋಡಿಯ ಸೈಬರಿನಲ್ಲಿ ಹುಡುಗ ಅರ್ಜಿ ತುಂಬುವಾಗ, ಯಾವ ವಿಷಯ ಎಂಬ ಪ್ರಶ್ನೆಗೆ ನನಗಿಂತ ಮೊದಲು ಅಪ್ಪನೇ "ರಾಜ್ಯಶಾಸ್ತ್ರ" ಎಂದು ಉತ್ತರ ಕೊಟ್ಟ. ಗೆದ್ದೆ ಅನ್ನಿಸಲಿಲ್ಲ ನನಗೆ. ಅಪ್ಪ ಸೋತ ಹಾಗೂ ಕಾಣಲಿಲ್ಲ. ಬರುವಾಗ ದಾರಿಯಲ್ಲಿ ಮಿಸಳ್ ತಿನ್ನಿಸಿದ, ಆ ಐತವಾರದ ಮಾತನ್ನು ಎತ್ತಲಿಲ್ಲ.

ಪ್ರವೇಶದ ಕೌನ್ಸೆಲಿಂಗಿಗೆ ವಿಶ್ವವಿದ್ಯಾಲಯಕ್ಕೆ ಹೋದಾಗಲೂ ಅವನೇ ಬಂದ. ವಿಭಾಗದ ಉದ್ದನೆಯ ಪಡಸಾಲೆಯಲ್ಲಿ ನಮ್ಮ ಹಾಗೆಯೇ ಎಷ್ಟೋ ಮಂದಿ ಕಾಯುತ್ತಿದ್ದರು. ಗೋಡೆಯ ಮೇಲೆ ಹಿಂದಿನವರು ಮಾಡಿದ ಅಧ್ಯಯನಗಳ ಪಟ್ಟಿ ಅಂಟಿಸಿದ್ದರು. ಗ್ರಾಮಸಭೆಯಲ್ಲಿ ಹೆಂಗಸರ ಮಾತು, ಹಾಲಿನ ಸಂಘದ ಚುನಾವಣೆ, ಗಡಿ ಊರಿನ ಎರಡು ಭಾಷೆಯ ಮತದಾರರು. ಅಪ್ಪ ಕನ್ನಡಕ ಹಾಕಿಕೊಂಡು ಪ್ರತಿಯೊಂದನ್ನೂ ಬೆರಳಿಟ್ಟು ಓದಿದ. ತೆರೆದ ಬಾಗಿಲಿನಾಚೆ ಓದುವ ಕೋಣೆ ಕಾಣುತ್ತಿತ್ತು. ನೆಲದಿಂದ ಮಾಳಿಗೆಯವರೆಗೆ ಪುಸ್ತಕಗಳು. ಜನ ಕೂಡಿ ಬಾಳಲು ಏನೇನು ಮಾಡಿನೋಡಿದ್ದಾರೆ ಎಂಬುದರ ಬಗ್ಗೆ ಇಷ್ಟೊಂದು ಬರೆದಿದ್ದಾರೆಯೇ ಎಂದು ನಾನು ಬಾಯಿ ಬಿಟ್ಟುಕೊಂಡು ನಿಂತೆ. ಅಪ್ಪನೂ ಪಕ್ಕದಲ್ಲಿ ಹಾಗೆಯೇ ನಿಂತಿದ್ದ.

"ಇವರೆಲ್ಲಾ ಇದನ್ನ ಕಲಿಯಾಕ ಬಂದಾರ?" ಮೆಲ್ಲಗೆ ಕೇಳಿದ.

"ಹೂಂ."

ಬೆಂಚಿನ ಮೇಲೆ ಕುಳಿತ ಮೇಲೆ ಹೇಳಿದ: "ಮುಂದಿನ ಸಲ ಕೂಟಕ್ಕ ಒಂದ ಡಬ್ಬಿ ತರೂಣು. ಅಕ್ಷರ ಬ್ಯಾಡ, ಎರಡ ಬಣ್ಣದ ಕಾಳು ಕೊಡೂಣು, ಹಾಕಲಿ. ಒಬ್ಬ ಮನಷ್ಯಾನ ಮ್ಯಾಲೆ ಅಷ್ಟ ಭಾರ ಹೇರಬಾರದು. ನಿಮ್ಮಜ್ಜ ಎಷ್ಟ ವರ್ಷ ಹೊತ್ತಾನೋ."

"ಚಲೋ ವಿಚಾರ ಅಪ್ಪಾ. ಆದರ ಇಪ್ಪತ್ತೊಂದೂ ಮಂದಿಗೆ ಕೇಳಬೇಕು. ನೀ ಒಬ್ಬನ ಡಬ್ಬಿ ತಂದ್ರ ಆಗೂದಿಲ್ಲ."

"ಡಬ್ಬಿ ಬೇಕೋ ಬ್ಯಾಡೋ ಅನ್ನಾಕೂ ಮತ ಹಾಕಸಬೇಕಂತಿ?"

"ಹೌದು."

"ಅದನ್ನ ಯಾತರಾಗ ಹಾಕಸೂದು?"

ಒಳಗಿನಿಂದ ನನ್ನ ನಂಬರು ಕೂಗಿದರು. "ಹೋಗು, ಇದನ್ನೂ ಕೇಳಕೊಂಡ ಬಾ" ಎಂದ ಅಪ್ಪ, ಮತ್ತು ನನ್ನ ಚೀಲವನ್ನು ತನ್ನ ತೊಡೆಯ ಮೇಲೆ ಎತ್ತಿಕೊಂಡ.